ಟವೆಲ್ ಮಾರ್ಕಾ

ನನ್ನ ತಂಗಿ ಅರುಣಾಳನ್ನು ನಾನು ಕಳ್ಳಿ ಎಂದು ಕರೆದದ್ದು ಬಾಯಿ ತಪ್ಪಿ ಅಲ್ಲ. ಯೋಚನೆ ಮಾಡಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದದ್ದು. ಬ್ಯಾಡಗಿ ಮಾರುಕಟ್ಟೆಯ ವ್ಯಾಪಾರಸ್ಥರ ವಾಟ್ಸಾಪ್ ಗುಂಪಿನಲ್ಲಿದ್ದವರೆಲ್ಲ ಅದನ್ನು ಓದಿದ್ದಾರೆ. ಇವತ್ತಿಗೂ ಕೆಲವರು ನನ್ನ ಅಂಗಡಿಯ ಮುಂದೆ ಹಾಯುವಾಗ ಒಳಗೆ ಇಣುಕಿ ನಕ್ಕು ಹೋಗುತ್ತಾರೆ. ನಗಲಿ. ನಾನು ಮೊದಲಿನಿಂದ ಹೇಳುತ್ತೇನೆ, ಆಮೇಲೆ ಯಾರನ್ನು ನೋಡಿ ನಗಬೇಕೋ ನೀವೇ ತೀರ್ಮಾನ ಮಾಡಿ.

ನಮ್ಮ ಅಪ್ಪ ಅಜ್ಜಪ್ಪ ಮೊದಲು ಹಾವೇರಿಯ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಎತ್ತು ಮಾರುವವನ ಕೈ, ಕೊಳ್ಳುವವನ ಕೈ, ಎರಡರ ಮೇಲೂ ಟವೆಲ್ ಹೊದಿಸಿ, ಬೆರಳು ಹಿಡಿದು ದರ ತಿಳಿಸುವುದು ಅಲ್ಲಿಯ ಪದ್ಧತಿ. ಸುತ್ತಲೂ ಎಷ್ಟು ಜನ ನಿಂತಿದ್ದರೂ ದರ ಗೊತ್ತಾಗುವುದು ಆ ಎರಡು ಕೈಗಳಿಗೆ ಮಾತ್ರ. ಮುಂದೆ ಅಪ್ಪ ಬ್ಯಾಡಗಿಗೆ ಬಂದು ಮೆಣಸಿನಕಾಯಿ ಅಂಗಡಿ ಹಾಕಿದಾಗ ಅದೇ ಟವೆಲನ್ನು ಗುರುತು ಮಾಡಿಕೊಂಡ. ತಗಡಿನಲ್ಲಿ ಕೊರೆಸಿದ ಅಚ್ಚು. ಚೀಲದ ಮೇಲಿಟ್ಟು ಕಪ್ಪು ಬಣ್ಣ ಬಳಿದರೆ ಒಂದು ಟವೆಲ್, ಅದರ ಎರಡೂ ಕಡೆ ಒಂದೊಂದು ಮುಂಗೈ ಮೂಡುತ್ತದೆ. ಅದೇ ಟವೆಲ್ ಮಾರ್ಕಾ. ಮಲೇಷ್ಯಾದ ಪಿನಾಂಗಿನಲ್ಲಿ ನಮ್ಮ ಕಾಯಿ ಕೊಳ್ಳುತ್ತಿದ್ದ ಚೆಟ್ಟಿಯಾರ್‌ಗೆ ನಮ್ಮ ಊರು ಯಾವ ದಿಕ್ಕಿಗಿದೆ ಎಂದು ಗೊತ್ತಿರಲಿಲ್ಲ, ಆದರೆ ಫೋನ್ ಮಾಡಿದರೆ ಮೊದಲು ಕೇಳುತ್ತಿದ್ದದ್ದು, 'ತುಂಡು ಮಾರ್ಕ್ ಇರುಕ್ಕಾ?' ತಮಿಳಿನಲ್ಲಿ ಟವೆಲಿಗೆ ತುಂಡು ಅನ್ನುತ್ತಾರಂತೆ.

ನಮ್ಮ ಕಾಯಿ ಎಂದರೆ ಡಬ್ಬಿ. ಬ್ಯಾಡಗಿಯಲ್ಲಿ ಎರಡು ಜಾತಿ: ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ, ಗಿಡ್ಡಕ್ಕೆ ದುಂಡಗೆ ಮೈತುಂಬ ಸುಕ್ಕಿರುವುದು ಡಬ್ಬಿ. ಬಣ್ಣಕ್ಕೆ ಡಬ್ಬಿಯನ್ನು ಮೀರಿಸಿದ್ದು ಇಲ್ಲ. ಮೂವತ್ತು ವರ್ಷದಿಂದ ನಾನು ದಿನ ಬೆಳಗಾದರೆ ಬಾಯಲ್ಲಿ ಡಬ್ಬಿ, ಡಬ್ಬಿ ಎಂದು ಜಪ ಮಾಡುತ್ತಾ ಬಂದವನು. ಇದನ್ನು ನೆನಪಿಡಿ.

ಅಪ್ಪ ನಮ್ಮಿಬ್ಬರನ್ನೂ ಚೀಲದ ಮೇಲೆ ಕೂರಿಸಿಕೊಂಡು ಟವೆಲ್ ಹೊದಿಸಿ ಬೆರಳಿನ ಲೆಕ್ಕ ಕಲಿಸಿದ. ಅರುಣಾ ನನಗಿಂತ ಚಿಕ್ಕವಳು, ನನಗಿಂತ ಲಗೂ ಕಲಿತಳು. ಅಪ್ಪನಿಗೆ ಅದೇ ದೊಡ್ಡ ಹೆಮ್ಮೆ. 'ಹುಲಿಗ್ಯಾ, ನಿನ್ನ ಕೈ ಬಾಯಿಗಿಂತ ಮೊದಲ ಒದರತೈತಿ' ಎಂದು ನನ್ನನ್ನು ಆಡಿಕೊಳ್ಳುತ್ತಿದ್ದ. ಪಾಠ ಮುಗಿದ ಮೇಲೆ ಯಾವಾಗಲೂ ಒಂದೇ ಮಾತು: 'ಟವೆಲ್ ಕೆಳಗಿಂದು ಮೂರನೇದಾಂವಗ ಹೇಳಿದಾಂವಗ ಸಂತ್ಯಾಗ ಯಾರೂ ಕೈ ಕೊಡೂದಿಲ್ಲ.' ದನದ ಸಂತೆಯ ವೇದಾಂತ. ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ.

ಅಪ್ಪ ಹೋದ ಮೇಲೆ ವ್ಯವಹಾರ ಇಬ್ಬರಿಗೂ ಹಂಚಿಕೆಯಾಯಿತು. ಬ್ಯಾಡಗಿಯ ಅಂಗಡಿ ನನಗೆ. ಹೊರದೇಶಕ್ಕೆ ಕಳಿಸುವ ಕೆಲಸ ಅರುಣಾಗೆ. ಅವಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದೆವು. ಗಂಡ ಸುಭಾಷ ಬೀಜದ ಕಂಪನಿಯಲ್ಲಿ ನೌಕರ, ಹೆಂಡತಿ ಮಾತಾಡುವಾಗ ಗೋಡೆ ನೋಡುವ ಸಂಭಾವಿತ. ಮಾರ್ಕಾ ಮಾತ್ರ ಯಾರಿಗೆ ಎನ್ನುವುದು ಬಗೆಹರಿಯಲಿಲ್ಲ. ಗಂಡುಮಗ ನಾನಿರುವಾಗ ಅಪ್ಪನ ಗುರುತು ಬೇರೆ ಮನೆಗೆ ಸೇರಿದವಳ ಚೀಲದ ಮೇಲೆ ಯಾಕೆ ಎಂದು ನಾನು ಕೂಗಾಡಿದೆ. ಅವ್ವ ಚೌಡವ್ವ ಊಟ ಬಿಟ್ಟು ಕೂತಳು. ಕೊನೆಗೆ ಇಬ್ಬರೂ ಬಳಸಬಹುದು ಎಂದು ಬರೆದುಕೊಂಡೆವು. ಕೆಳಗೆ ನಾನೇ ಒಂದು ಸಾಲು ಸೇರಿಸಿದೆ: ಇಬ್ಬರಲ್ಲಿ ಯಾರು ವ್ಯಾಪಾರದಲ್ಲಿ ಕಾನೂನು ಮೀರಿ ಮಾರ್ಕಾಕ್ಕೆ ಮಸಿ ಬಳಿಯುತ್ತಾರೋ ಅವರು ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಅವಳು ಒಂದು ದಿನ ಜಾರುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಅವಳು ಓದಿ, ನನ್ನ ಮುಖ ನೋಡಿ, ಸಹಿ ಹಾಕಿದಳು.

ಆಮೇಲೆ ನಾನು ಅವಳು ಜಾರುವುದನ್ನೇ ಕಾಯುತ್ತಾ ಕೂತೆ. ಇದನ್ನು ಮುಚ್ಚಿಡುವುದಿಲ್ಲ. ಅವಳ ಕಂಟೇನರುಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಚೆಟ್ಟಿಯಾರ್ ಈಗ ಅವಳಿಗೇ ಫೋನ್ ಮಾಡುತ್ತಿದ್ದ, ನನ್ನ ಅಂಗಡಿಯಲ್ಲಿ ರೈತರ ಕಾಯಿ ಹರಾಜಿಗೆ ಹಾಕಿ ಕಮಿಷನ್ ಎಣಿಸುವುದಷ್ಟೇ ಉಳಿದಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು.

ಆಗ ರಾಣೆಬೆನ್ನೂರಿನ ಲಾರಿ ಏಜೆಂಟ ಬುಡನಸಾಬ ಒಂದು ದಿನ ಅಂಗಡಿಗೆ ಬಂದ. ಚಹಾ ಕುಡಿಯುತ್ತಾ, 'ಅರುಣಕ್ಕನ ಮಾಲು ಪಿನಾಂಗದಾಗ ಕಸ್ಟಮ್ಸ್‌ನೋರು ಹಿಡದು ನಿಂದರಿಸಿದ್ರಂತಲ್ರಿ. ಕಾಗದಕ್ಕೂ ಮಾಲಿಗೂ ತಾಳಾ ಆಗಲಿಲ್ಲಂತ. ಅಲ್ಲಿಂದ ನಮ್ಮ ಸರಕಾರಕ್ಕ ಕೇಳ್ಯಾರಂತ' ಅಂದ.

'ಆಮ್ಯಾಲ?'

'ಆಮ್ಯಾಲ ಬಿಟ್ರಂತರಿ. ಯಾಕ ಹಿಡದ್ರು, ಯಾಕ ಬಿಟ್ರು, ಅದು ನಮಗೆಲ್ಲಿ ಗೊತ್ತಾಗಬೇಕು.'

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬುಡನಸಾಬನಿಗೆ ಇನ್ನೊಂದು ಚಹಾ ತರಿಸಿದೆ. ಸುಮ್ಮನೆ ಬಿಡುತ್ತಾರೆಯೇ? ಅವಳು ಕೈ ಬೆಚ್ಚಗೆ ಮಾಡಿರಬೇಕು. ಅಲ್ಲಿಯ ಸರ್ಕಾರ ಇಲ್ಲಿಯ ಸರ್ಕಾರಕ್ಕೆ ಕಳಿಸಿದ ಆ ಕಾಗದ ಒಂದು ಸಿಕ್ಕರೆ ಮಾರ್ಕಾ ನನ್ನದು. ಅವತ್ತೇ ಹಾವೇರಿಯ ಬಸ್ಸು ಹತ್ತಿದೆ.

ಹಾವೇರಿಯಲ್ಲಿ ನನ್ನ ವಕೀಲ ಮೈಲಾರಲಿಂಗ ಕೋರ್ಟಿನ ಎದುರಿಗೇ ಕೂರುತ್ತಾನೆ. ನನ್ನ ವಯಸ್ಸಿನವನೇ, ಆದರೆ ಅವಸರ ಎನ್ನುವುದು ಅವನ ರಕ್ತದಲ್ಲಿ ಇಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿಸಿದೆ. ಬೇಡ ಎಂದೇ ಹೇಳಿದ, ನಾನು ಕೇಳಲಿಲ್ಲ. ತಿಂಗಳಾಗುತ್ತಾ ಬಂದಾಗ ಉತ್ತರ ಬಂತು: ಇದು ಪರದೇಶದ ಸರ್ಕಾರ ಗೋಪ್ಯವೆಂದು ಕೊಟ್ಟ ಮಾಹಿತಿ, ಕೊಡಲು ಬರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಹಾಗೆ.

ಆ ಉತ್ತರವನ್ನು ಮೈಲಾರಲಿಂಗನ ಮೇಜಿನ ಮೇಲೆ ಬಡಿದೆ.

'ಕುಂದರ್ರಿ ಹುಲಿಗೇಶಣ್ಣಾರ' ಅಂದ ಅವನು. 'ನಾ ಮೊದಲ ಹೇಳಿದ್ನಿ. ಅಲ್ಲಿಯ ಕಸ್ಟಮ್ಸ್ ಇಲ್ಲಿಯ ಕಸ್ಟಮ್ಸಿಗೆ ಮಾಹಿತಿ ಕೊಡೂಮುಂದ ಕರಾರು ಇರತೈತಿ. ಯಾವ ವಿಚಾರಣೆಗೆ ಕೊಟ್ಟಾರೋ ಆ ವಿಚಾರಣೆಗೆ ಅಷ್ಟ ಬಳಸಬೇಕು. ಬ್ಯಾರೇ ಕೆಲಸಕ್ಕ ಬೇಕಂದ್ರ ಕೊಟ್ಟವರ ಒಪ್ಪಿಗಿ ಬೇಕು. ನಿಮ್ಮ ಅಣ್ಣ-ತಂಗಿ ಜಗಳಕ್ಕಂತೂ ಕೊಡೂದ ಇಲ್ಲ.'

'ಕಳ್ಳರನ್ನ ಕಾಯಾಕ ಕಾನೂನೇನು ಇದು?'

'ಕಳುವಾಗಿದ್ರ ಸರಕಾರ ಹಿಡೀತೈತಿ. ನಿಮ್ಮನ್ನ ಯಾರೂ ಕರದಿಲ್ಲ.'

'ನನ್ನ ಅಪ್ಪನ ಮಾರ್ಕಾ ಐತಿ ಅದು!'

'ನಿಮ್ಮ ಅಪ್ಪ ಏನ್ ಮಾಡತಿದ್ರು ಸಂತ್ಯಾಗ? ಟವೆಲ್ ಹಾಕತಿದ್ರಲ್ಲ? ಇದೂ ಅದ ಅನ್ಕೋರ್ರಿ. ಎರಡು ಸರಕಾರ ಟವೆಲ್ ಕೆಳಗ ಕೈ ಹಿಡಕೊಂಡಾವು.'

ನನ್ನ ತಲೆ ಸಿಡಿದುಹೋಯಿತು. ಎರಡು ಸರ್ಕಾರಗಳು ಟವೆಲಿನ ಕೆಳಗೆ ಕೈಕೈ ಹಿಡಿದುಕೊಂಡು ಕೂತರೆ ನಾನು ಹೊರಗೆ ನಿಂತು ಎತ್ತಿನ ಬಾಲ ಹಿಡಿಯಬೇಕೇ? ಎಲ್ಲಿಯ ಪಿನಾಂಗು, ಎಲ್ಲಿಯ ದೆಹಲಿ, ಎಲ್ಲಿಯ ನಮ್ಮ ಅಪ್ಪನ ಹರಕು ಟವೆಲು! ವಕೀಲರಿಗೆ ಮಾತು ಸಿಕ್ಕರೆ ಸಾಕು. ಅವನು ಬಾಗಿಲವರೆಗೂ ಬಂದು ಇನ್ನೊಂದು ಮಾತು ಹೇಳಿದ:

'ನೋಡ್ರಿ, ಹಿಂಬಾಗಲಿಂದ ತರಾಕ ಹೋಗಬ್ಯಾಡ್ರಿ. ತಂದ್ರೂ ಮಂದಿ ಮುಂದ ಇಡಬ್ಯಾಡ್ರಿ. ಯಾರದರ ಕಸ್ಟಮ್ಸ್ ಮಾಹಿತಿ ಬಯಲಿಗೆ ಹಾಕಿದ್ರ ಆರು ತಿಂಗಳತನಕ ಜೈಲೈತಿ.'

ನಾನು ಹಿಂಬಾಗಿಲಿನಿಂದಲೇ ತಂದೆ. ಯಾವ ಊರು, ಯಾವ ಕಚೇರಿ, ಯಾವ ಗುಮಾಸ್ತ ಎಂದು ಇಲ್ಲಿ ಬರೆಯುವುದಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಕೊಡಬೇಕಾದ್ದು ಕೊಟ್ಟೆ, ಅವನು ಒಂದು ಹಾಳೆಯ ಫೋಟೋ ಕಳಿಸಿದ. ಇಂಗ್ಲಿಷಿನಲ್ಲಿತ್ತು. ನನ್ನ ಇಂಗ್ಲಿಷ್ ಬೋರ್ಡು ಓದುವಷ್ಟು, ಆದರೆ ಅಂಕಿ ಓದಲು ಅಷ್ಟು ಸಾಕು. ಒಂದು ಕಡೆ ಅರುಣಾ ಇಲ್ಲಿ ತೋರಿಸಿದ್ದು: ಮುನ್ನೂರು ಬ್ಯಾಗ್. ಇನ್ನೊಂದು ಕಡೆ ಪಿನಾಂಗಿನಲ್ಲಿ ಬರೆದುಕೊಂಡದ್ದು: ಮುನ್ನೂರು ಬ್ಯಾಗ್, ಅದರ ಮುಂದೆ ಮುನ್ನೂರು ಬಾಕ್ಸ್. ಕೆಳಗೆ ಚೆಟ್ಟಿಯಾರ್‌ನ ಹೆಸರು, ವಿಳಾಸ, ಕೊಟ್ಟ ದರ, ಎಲ್ಲ.

ಮುನ್ನೂರು ಬಾಕ್ಸ್! ಇಲ್ಲಿ ಹತ್ತದೇ ಅಲ್ಲಿ ಇಳಿದ ಮುನ್ನೂರು ಬಾಕ್ಸ್! ಮೆಣಸಿನಕಾಯಿಯ ನಡುವೆ ಏನು ಅಡಗಿಸಿ ಕಳಿಸುತ್ತಿದ್ದಳೋ ಆ ಮಹಾತಾಯಿ. ನಾನು ಫೋನನ್ನು ಅಂಗಿಯ ಜೇಬಿಗೆ ಹಾಕಿ, ಮೇಲಿನಿಂದ ಎರಡು ಸಲ ತಟ್ಟಿ ನೋಡಿಕೊಂಡೆ.

ಮನೆಯಲ್ಲಿ ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

'ಅಕಿ ನಿನ್ನ ತಂಗಿ ಅದಾಳೋ ಹುಲಿಗ್ಯಾ' ಅಂದಳು.

'ಅದಕ್ಕ ಕಳುವು ಮಾಡಬಹುದೇನು?'

'ಅಕಿ ಕಳುವು ಮಾಡ್ಯಾಳೋ ಇಲ್ಲೋ ನನಗ ಗೊತ್ತಿಲ್ಲ. ನಿನಗ ಮಾತ್ರ ಅಕಿ ಮಾಡಿರಬೇಕು ಅಂತ ಆಸೆ ಐತಿ' ಎಂದು ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಮಗಳ ಕಡೆ ವಾಲುವ ತಾಯಿಯ ಹತ್ತಿರ ನ್ಯಾಯ ಕೇಳಿದ್ದು ನನ್ನ ತಪ್ಪು.

ಮರುದಿನ ರಾಣೆಬೆನ್ನೂರಿಗೆ ಹೋದೆ. ಅವಳ ಗೋದಾಮು ಸ್ಟೇಷನ್ನಿನ ಹಿಂದೆ. ಹೆಣ್ಣಾಳುಗಳು ಸಾಲಾಗಿ ಕೂತು ಕಾಯಿಯ ತೊಟ್ಟು ಮುರಿಯುತ್ತಿದ್ದರು, ಘಾಟಿಗೆ ನಾನು ಬಾಗಿಲಲ್ಲೇ ಸೀನಿದೆ. ಅರುಣಾ ತಲೆಗೆ ಬಟ್ಟೆ ಕಟ್ಟಿಕೊಂಡು ಚೀಲಗಳ ಮೇಲೆ ತಗಡಿನ ಅಚ್ಚು ಇಟ್ಟು ತಾನೇ ಬಣ್ಣ ಬಳಿಯುತ್ತಿದ್ದಳು. ಅಪ್ಪನದೇ ಅಚ್ಚು. ನನ್ನ ಹತ್ತಿರ ಇದ್ದದ್ದು ಅದರ ನಕಲು.

'ಬಾ ಯಣ್ಣಾ. ನೀರು ಕುಡೀತಿ?'

'ನೀರು ಕುಡ್ಯಾಕ ಬಂದಿಲ್ಲ. ಆ ಮುನ್ನೂರು ಬಾಕ್ಸ್ ಎಲ್ಲದಾವ?'

ಅವಳ ಕೈಯಲ್ಲಿದ್ದ ಕುಂಚ ನಿಂತಿತು. ಹೆಣ್ಣಾಳುಗಳ ಕೈಗಳೂ ನಿಂತವು. ನನಗೆ ಬೇಕಾದದ್ದೂ ಅದೇ.

'ಯಾವ ಬಾಕ್ಸ್?'

'ಪಿನಾಂಗದಾಗ ಇಳಿಸಿದ್ದಿ ನೋಡು, ಅವು. ನಾ ಏನ್ ಕಣ್ಣು ಮುಚ್ಚಿಕೊಂಡು ಕುಂತೇನಿ ಅನ್ಕೊಂಡಿದ್ದೇನು? ಸರಕಾರದ ಕಾಗದ ನನ್ನ ಕಡೆ ಐತಿ.'

ಅವಳು ಕುಂಚವನ್ನು ಬಣ್ಣದ ಡಬರಿಯಲ್ಲಿ ಇಟ್ಟಳು. ಮುಖ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆಯೇ ಎಂದುಕೊಂಡೆ.

'ಆ ಕಾಗದ ನಿನ್ನ ಕೈಗೆ ಹೆಂಗ ಬಂತು?' ಎಂದು ಕೇಳಿದಳು.

'ಅದು ನಿನಗ್ಯಾಕ? ಬಾಕ್ಸಿನ್ಯಾಗ ಏನಿತ್ತು ಹೇಳು.'

'ಹೇಳೂದಿಲ್ಲ. ಅದನ್ನ ಕೇಳೋರು ಕೇಳ್ಯಾರ, ನಾ ಹೇಳೋರಿಗೆ ಹೇಳೇನಿ. ನಿನಗ ಕೇಳೂ ಹಕ್ಕಿಲ್ಲ.' ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, 'ಯಣ್ಣಾ, ಅದನ್ನ ಅಳಿಸಿಬಿಡು. ಅದರಾಗ ಚೆಟ್ಟಿಯಾರ್ ದರ ಐತಿ. ಅದು ಹೊರಗ ಬಿದ್ರ ನಾ ಮುಳಗತೇನಿ' ಅಂದಳು.

ಅವಳು ಬೇಡಿಕೊಂಡದ್ದು ಹುಟ್ಟಿದಾಗಿನಿಂದ ನಾನು ನೋಡಿದ್ದು ಅದೊಂದೇ ಸಲ. ನಾನು ಏನು ಮಾಡಬೇಕಿತ್ತು? ಕಳ್ಳಿಯೇ ತನ್ನ ಬಾಯಿಂದ ಮುಳುಗುತ್ತೇನೆ ಎನ್ನುವಾಗ ನಾನು ಕೈ ಹಿಡಿದು ಮೇಲೆತ್ತಬೇಕಿತ್ತೇ? ಸುಭಾಷ ಒಳಗಿನಿಂದ ಬಂದವನು ನಮ್ಮಿಬ್ಬರನ್ನೂ ನೋಡಿ ಗೋಡೆಯ ಕಡೆ ತಿರುಗಿದ. ನಾನು ಬಸ್ ಸ್ಟ್ಯಾಂಡಿನವರೆಗೂ ಆಟೋ ಕೂಡ ಹಿಡಿಯದೆ ನಡೆದುಕೊಂಡು ಹೋದೆ, ಅಷ್ಟು ಹುರುಪಿತ್ತು.

ಮಧ್ಯಾಹ್ನ ಅಂಗಡಿಯಲ್ಲಿ ಕೂತು ವ್ಯಾಪಾರಸ್ಥರ ಗುಂಪಿಗೆ ಫೋಟೋ ಹಾಕಿದೆ. ಕೋರ್ಟು ಕಚೇರಿ ಎಂದು ವರ್ಷಗಟ್ಟಲೆ ಓಡಾಡುವ ಬದಲು ಮಾರುಕಟ್ಟೆಯೇ ತೀರ್ಪು ಕೊಡಲಿ ಎಂದು ನನ್ನ ವಿಚಾರ. ಇಂಗ್ಲಿಷ್ ಬರದವರಿಗೂ ತಿಳಿಯಲಿ ಎಂದು ಕೆಳಗೆ ಅಚ್ಚ ಕನ್ನಡದಲ್ಲಿ ಬರೆದೆ:

'ಟವೆಲ್ ಮಾರ್ಕಾದ ಹೆಸರಿನಲ್ಲಿ ನಡೆದಿರುವ ಕಳ್ಳತನ ಎಲ್ಲರೂ ನೋಡಿ. ನನ್ನ ತಂಗಿ ಅರುಣಾ ಎಂಬ ಕಳ್ಳಿ ಇಲ್ಲಿ ಬರೀ ಮುನ್ನೂರು ಚೀಲ ತೋರಿಸಿ, ಪಿನಾಂಗಿನಲ್ಲಿ ಮುನ್ನೂರು ಡಬ್ಬಿ ಇಳಿಸಿದ್ದಾಳೆ.'

ಕಳಿಸಿ, ಕನ್ನಡಕ ತೆಗೆದಿಟ್ಟು, ಎಲೆ ಅಡಿಕೆಗೆ ಸುಣ್ಣ ಹಚ್ಚಿಕೊಂಡೆ. ಫೋನ್ ಟಿಂಗ್ ಎಂದಿತು. ಎದುರು ಸಾಲಿನ ಹೊಳಿಯಪ್ಪ ಬರೆದಿದ್ದ:

'ಹುಲಿಗೇಶಣ್ಣಾ, ಡಬ್ಬಿ ಅಲ್ದ ಕಡ್ಡಿ ಇಳಿಸಬೇಕಿತ್ತೇನ್ರಿ?'

ನಾನು ಮೊದಲು ಓದಿದಾಗ ಅವನಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಎರಡನೆಯ ಸಲ ಓದಿದೆ. ಆಮೇಲೆ ನಾನೇ ಬರೆದ ಸಾಲನ್ನು ಮೇಲೆ ಹೋಗಿ ಓದಿದೆ. ಮುನ್ನೂರು ಚೀಲ. ಮುನ್ನೂರು ಡಬ್ಬಿ. ಬಾಯಲ್ಲಿದ್ದ ಎಲೆ ಗಂಟಲಿಗೆ ಇಳಿಯಿತು.

ಮುನ್ನೂರು ಚೀಲ ಡಬ್ಬಿ! ಅರುಣಾಳ ಬಿಲ್ಲಿನಲ್ಲಿ ಇದ್ದದ್ದೇ ಅದು. ಪಿನಾಂಗಿನಲ್ಲಿ ಯಾರೋ ಬರೆದುಕೊಳ್ಳುವವನು ಡಬ್ಬಿ ಎಂದರೆ ಏನು ಎಂದು ಯಾರನ್ನೋ ಕೇಳಿದ್ದಾನೆ, ಕೇಳಿಸಿಕೊಂಡವನು ಬಾಕ್ಸ್ ಎಂದಿದ್ದಾನೆ, ಇವನು ಮುನ್ನೂರು ಬ್ಯಾಗಿನ ಮುಂದೆ ಮುನ್ನೂರು ಬಾಕ್ಸ್ ಎಂದು ಜಡಿದಿದ್ದಾನೆ. ಅವನಿಗಾದರೂ ಕ್ಷಮೆಯಿದೆ, ಅವನು ಬ್ಯಾಡಗಿ ಕಂಡವನಲ್ಲ. ಆ ಬಾಕ್ಸನ್ನು ಮತ್ತೆ ಕನ್ನಡಕ್ಕೆ ತಂದು, ನನ್ನ ಕೈಯಿಂದಲೇ ಡಬ್ಬಿ ಎಂದು ಬರೆದು, ಬರೆಯುವಾಗಲೂ ನನ್ನ ಕಿವಿಗೆ ಅದು ಕೇಳಲಿಲ್ಲವಲ್ಲ! ದ್ವೇಷ ಕಿವಿಯಲ್ಲಿ ಹತ್ತಿ ತುರುಕಿದರೆ ಹೀಗೆಯೇ ಆಗುವುದು.

ಆಮೇಲೆ ಫೋನ್ ನಿಲ್ಲಲೇ ಇಲ್ಲ. ಹಲ್ಲು ಕಿರಿಯುವ ಚಿತ್ರಗಳು ಸಾಲುಸಾಲಾಗಿ ಬಂದವು. ಒಬ್ಬ ಸ್ಟೀಲ್ ಡಬ್ಬಿಯ ಫೋಟೋ ಹಾಕಿ 'ಇದರ ಇವತ್ತಿನ ದರ ಏನೈತ್ರಿ' ಎಂದು ಕೇಳಿದ. ನಾನು ಅಳಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸುವುದರೊಳಗೆ ಆ ಫೋಟೋ ಎಲ್ಲರ ಫೋನಿನಲ್ಲೂ ಕೂತಿತ್ತು. ನಗುವವರು ನಗುತ್ತಿದ್ದರು, ಬುದ್ಧಿವಂತರು ನಗದೆ ಸುಮ್ಮನೆ ಕೆಳಗಿನ ಚೆಟ್ಟಿಯಾರ್‌ನ ಹೆಸರು, ವಿಳಾಸ, ದರ ಬರೆದುಕೊಳ್ಳುತ್ತಿದ್ದರು.

ವಾರ ಕಳೆಯುವುದರೊಳಗೆ ನಮ್ಮ ಮಾರುಕಟ್ಟೆಯಿಂದಲೇ ನಾಲ್ಕಾರು ಜನ ಪಿನಾಂಗಿಗೆ ಫೋನ್ ಮಾಡಿ ಅರುಣಾಗಿಂತ ಕಡಿಮೆ ದರ ಹೇಳಿದರಂತೆ. ಚೆಟ್ಟಿಯಾರ್‌ಗೆ ಅಲ್ಲಿಯ ತನ್ನ ಎದುರಾಳಿಗಳೂ ತನ್ನ ಖರೀದಿ ದರ ತಿಳಿದುಕೊಂಡರು ಎಂದು ಗೊತ್ತಾಯಿತು. ತನ್ನ ಗುಟ್ಟು ಬೀದಿಗೆ ಬಿದ್ದ ಊರಿನಿಂದ ಇನ್ನು ಒಂದು ಚೀಲವೂ ಬೇಡ ಎಂದು ಅರುಣಾಗೆ ಹೇಳಿದನಂತೆ. ಇದನ್ನು ನನಗೆ ಹೇಳಿದ್ದು ಬುಡನಸಾಬ. ಈ ಸಲ ಅವನು ಕೂರಲಿಲ್ಲ, ಚಹಾ ಬೇಡ ಎಂದ.

ಆಮೇಲೆ ಅವಳ ವಕೀಲರ ನೋಟಿಸು ಬಂತು. ನಾನೇ ಸೇರಿಸಿದ ಆ ಸಾಲನ್ನು ಅದರಲ್ಲಿ ಹಾಗೆಯೇ ಎತ್ತಿ ಬರೆದಿದ್ದರು. ಕಾನೂನು ಮೀರಿ ಮಾರ್ಕಾಕ್ಕೆ ಮಸಿ ಬಳಿದದ್ದು ನಾನಂತೆ, ಮಾರ್ಕಾ ಬಿಡಬೇಕಂತೆ, ಇಲಾಖೆಗೆ ದೂರು ಬೇರೆ ಕೊಡುತ್ತಾರಂತೆ. ನೋಟಿಸನ್ನು ಜೇಬಿಗೆ ತುರುಕಿಕೊಂಡೆ. ಹಾವೇರಿಗೆ ಓಡಿದೆ.

ಮೈಲಾರಲಿಂಗ ಎಲ್ಲ ಓದಿ ಕಾಗದವನ್ನು ಮಡಿಚಿದ.

'ಏನರೆ ದಾರಿ ಐತೇನ್ರಿ?' ಎಂದು ಕೇಳಿದೆ.

'ಫೋಟೋ ಹಾಕಿದ್ದು ನೀವ. ಹೆಸರು ನಿಮ್ಮದ. ಕನ್ನಡದಾಗ ಬರದದ್ದೂ ನೀವ. ಕೋರ್ಟಿನ್ಯಾಗ ನಾ ಏನಂತ ನಿಂದರಲಿ?'

'ಅಕಿನ್ನ ಕೇಳಿದ್ರ?'

'ಕೇಳ್ರಿ. ದೂರು ಇನ್ನೂ ಕೊಟ್ಟಿಲ್ಲ. ಅಕಿ ಒಪ್ಪಿದ್ರ ಉಳಕೊಂತೀರಿ. ಆದ್ರ ವಕೀಲನ ಬಾಯಿಲೆ ಅಲ್ಲ, ನೀವ ಹೋಗಿ ಕೇಳ್ರಿ.'

ನಾನು ಹೋಗಲಿಲ್ಲ. ಅವ್ವನಿಂದ ಫೋನ್ ಮಾಡಿಸಿ ಅವಳನ್ನೇ ಬ್ಯಾಡಗಿಗೆ ಕರೆಸಿದೆ. ಭಾನುವಾರ ಬಂದಳು, ಸುಭಾಷನ ಜೊತೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತೆವು. ಅವ್ವ ಬಾಗಿಲ ಹತ್ತಿರ ಚೀಲದ ಮೇಲೆ ಕೂತಳು. ಅರುಣಾ ಇಳಿದುಹೋಗಿದ್ದಳು, ಗೋದಾಮಿನ ಹೆಣ್ಣಾಳುಗಳಲ್ಲಿ ಅರ್ಧ ಜನರಿಗೆ ಬರಬೇಡಿ ಎಂದು ಹೇಳಿದ್ದಾಳೆಂದು ಅವ್ವ ಮೊದಲೇ ತಿಳಿಸಿದ್ದಳು.

ನನಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. 'ಅವತ್ತ ಗೋದಾಮಿನ್ಯಾಗ ಡಬ್ಬಿ ಅಂತ ಒಂದ ಮಾತು ಒಗದಿದ್ರ ಇಷ್ಟೆಲ್ಲಾ ಆಗತಿತ್ತೇನು?' ಎಂದೆ.

'ನೀ ಕೇಳಾಕ ಬಂದಿದ್ದಿಲ್ಲ. ನಗಾಕ ಬಂದಿದ್ದಿ.'

'ಅಂದ್ರೂ…'

'ಏನ್ ಅಂದ್ರೂ?' ಅವಳ ದನಿ ಏರಿತು. 'ಅಲ್ಲಿಯವರು ಕೇಳಿದ್ರು. ಇಲ್ಲಿಯವರು ನನ್ನ ಕರದು ಕೇಳಿದ್ರು. ನಾ ಒಂದು ಮುಷ್ಟಿ ಕಾಯಿ ತುಗೊಂಡು ಹೋಗಿ ಸಾಹೇಬ್ರ ಮೇಜಿನ ಮ್ಯಾಲ ಹಾಕಿ, ಡಬ್ಬಿ ಅಂದ್ರ ಇದರಿ ಅಂದೆ. ಅವರು ನಕ್ಕರು, ಬರದು ಕಳಿಸಿದ್ರು, ಅಲ್ಲಿಯವರು ಮಾಲು ಬಿಟ್ರು. ಮುಗೀತು. ಒಬ್ಬರಿಗೂ ಗೊತ್ತಾಗಲಿಲ್ಲ, ಯಾರದೂ ಏನೂ ಹೋಗಲಿಲ್ಲ. ಅದನ್ನ ನೀ ಹೊರಗ ಜಗ್ಗಿದಿ. ನನ್ನ ಹತ್ತು ವರ್ಷದ ಗಿರಾಕಿ ಹೋದ. ನಿನಗ ಬಂದನೇನು? ಇಲ್ಲ. ಯಾರಿಗೋ ಹೋದ.'

ಸುಭಾಷ ಈ ಸಲ ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿದ. ಅದು ನನಗೆ ಹೆಚ್ಚು ಚುಚ್ಚಿತು.

ನಾನು ಎದ್ದು ಗೂಟದ ಮೇಲಿದ್ದ ಅಪ್ಪನ ಟವೆಲ್ ತಂದೆ. ಕೆಂಪಂಚಿನ ಹಳೆಯ ಟವೆಲ್. ಅಂಗಡಿ ಪೂಜೆಯ ದಿನ ತೆಗೆದು ಗದ್ದಿಗೆಯ ಮೇಲೆ ಹಾಸುತ್ತಿದ್ದೆವು, ಬಿಟ್ಟರೆ ಅಲ್ಲೇ ಇರುತ್ತಿತ್ತು. ಬಾಯಲ್ಲಿ ಕ್ಷಮಿಸು ಎನ್ನುವುದು ನನ್ನಿಂದಾಗುವುದಿಲ್ಲ. ನನ್ನ ಬಲಗೈ ಮುಂದಕ್ಕೆ ಚಾಚಿ ಅದರ ಮೇಲೆ ಟವೆಲ್ ಹಾಕಿಕೊಂಡೆ.

'ಹಿಡಿ' ಎಂದೆ. 'ನಿನ್ನ ದರ ಹೇಳು. ಅಂಗಡ್ಯಾಗ ಎಷ್ಟು ಪಾಲು ಬೇಕು, ಬೆರಳು ಹಿಡಿ. ಎಷ್ಟು ಹಿಡದ್ರೂ ಹೂಂ ಅಂತೇನಿ. ದೂರು ಬ್ಯಾಡ. ಮಾರ್ಕಾ ಇಬ್ಬರಿಗೂ ಇರಲಿ. ಇಲ್ಲಿದ್ದದ್ದು ಇಲ್ಲೇ ಇರತೈತಿ, ಒಬ್ಬರಿಗೂ ಹೇಳೂದಿಲ್ಲ.'

ಅರುಣಾ ನನ್ನ ಟವೆಲನ್ನು ನೋಡಿದಳು. ಅವಳ ಕೈ ಮಡಿಲಿನಲ್ಲಿ ಹಾಗೆಯೇ ಇತ್ತು, ಬೆರಳ ಸಂದಿನಲ್ಲಿ ಅಚ್ಚಿನ ಕಪ್ಪು ಬಣ್ಣ. ಚಿಕ್ಕವಳಿದ್ದಾಗ ಟವೆಲ್ ಕಂಡರೆ ಸಾಕು, ಅಪ್ಪ ಹೇಳುವ ಮೊದಲೇ ಕೈ ತುರುಕುತ್ತಿದ್ದಳು.

'ಅಪ್ಪ ಏನ್ ಹೇಳತಿದ್ದ, ನೆನಪೈತೇನು?' ಎಂದು ಕೇಳಿದಳು.

ನೆನಪಿತ್ತು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟದ್ದು ಎಲ್ಲಿಗೂ ಹೋಗಿರಲಿಲ್ಲ.

'ನಿನಗ ನಾ ಕೈ ಕೊಡೂದಿಲ್ಲ' ಅಂದಳು. 'ದೂರು ನಾಳೆ ಕೊಡತೇನಿ.'

ಎದ್ದು, ಮೂಲೆಯಲ್ಲಿ ಒರಗಿಸಿದ್ದ ನನ್ನ ತಗಡಿನ ಅಚ್ಚನ್ನು ತೆಗೆದುಕೊಂಡಳು. ಸುಭಾಷ ಅದನ್ನು ಅವಳಿಂದ ಇಸಿದುಕೊಂಡು ಕಂಕುಳಲ್ಲಿ ಹಿಡಿದ. ನಾನು ತಡೆಯಲಿಲ್ಲ. ತಡೆಯಬೇಕೆಂದರೆ ಕೈ ಟವೆಲಿನಿಂದ ಹೊರಗೆ ತೆಗೆಯಬೇಕಿತ್ತು, ಯಾಕೋ ತೆಗೆಯಲಿಲ್ಲ. ಅವಳು ಮನಸ್ಸು ಬದಲಿಸಿ ತಿರುಗಿ ಬಂದಾಳು ಎಂದು ಇನ್ನೂ ಕಾಯುತ್ತಿದ್ದೆ.

ಅವ್ವ ಚೀಲದಿಂದ ಎದ್ದಳು. ನನ್ನ ಹತ್ತಿರ ಬಂದು ನಿಂತಳು. ಅವಳಾದರೂ ಮಗನ ಪರ ಒಂದು ಮಾತು ಹೇಳುತ್ತಾಳೆ ಎಂದು ನಾನು ಮುಖ ಎತ್ತಿದೆ. ಅವಳು ನನ್ನ ಕೈ ಮೇಲಿನ ಟವೆಲನ್ನು ಎತ್ತಿಕೊಂಡು, ಒಂದು ಸಲ ಕೊಡವಿ, ನಾಲ್ಕು ಮಡಿಕೆ ಮಾಡಿ, ಹೊಸ್ತಿಲ ಹತ್ತಿರ ನಿಂತಿದ್ದ ಅರುಣಾಳ ಹೆಗಲ ಮೇಲೆ ಹಾಕಿದಳು.

ನನ್ನ ಕೈ ಹಾಗೇ ಚಾಚಿಕೊಂಡಿತ್ತು, ಐದೂ ಬೆರಳು ಬಿಡಿಸಿಕೊಂಡು, ಎಲ್ಲರಿಗೂ ಕಾಣುವ ಹಾಗೆ.